ಚಿನ್ನಕ್ಕೆ ಹೊರಟವನ ಗಂಟುಮೂಟೆ

ಚಾರ್ಲಿ ಚಾಪ್ಲಿನ್‌ನ ‘ದ ಗೋಲ್ಡ್ ರಶ್’ ಸಿನಿಮಾದಲ್ಲಿ ಸಲಿಕೆಗೆ ನೆನಪಿನಲ್ಲಿ ಉಳಿಯುವಂಥ ಕೆಲಸ ಎರಡೇ. ಬ್ಲ್ಯಾಕ್ ಲಾರ್ಸನ್ ಎಂಬ ಕೇಡಿಗ ಅದನ್ನೆತ್ತಿ ಬಿಗ್ ಜಿಮ್‌ನ ತಲೆಗೆ ಬಾರಿಸುತ್ತಾನೆ. ಆಮೇಲೆ, ಹೊಸ ವರ್ಷದ ರಾತ್ರಿ ಹುಡುಗಿಯರಿಗೆ ಊಟ ಹಾಕಲು ಕಾಸು ಬೇಕಾಗಿ, ಚಾಪ್ಲಿನ್ ಬಾಗಿಲ ಮುಂದಿನ ಹಿಮ ಎತ್ತಿಹಾಕುವ ಕೂಲಿಗೆ ನಿಲ್ಲುತ್ತಾನೆ. ಒಂದು ಬಾಗಿಲಿನ ಹಿಮವನ್ನು ಪಕ್ಕದ ಬಾಗಿಲಿಗೆ ಗುಡ್ಡೆ ಹಾಕಿ, ಅಲ್ಲಿಗೂ ಹೋಗಿ ಕೆಲಸ ಕೇಳುತ್ತಾನೆ. ಚಿನ್ನಕ್ಕಾಗಿ ಅವನು ನೆಲಕ್ಕೆ ಸಲಿಕೆ ಹಾಕುವುದನ್ನು ಮಾತ್ರ ನಾವು ನೋಡುವುದೇ ಇಲ್ಲ. 1925ರಲ್ಲಿ ತೆರೆಕಂಡು ನೂರು ವರ್ಷ ದಾಟಿದ, ಚಿನ್ನ ಹುಡುಕುವವರ ಬಗ್ಗೆ ಇಷ್ಟು ಹೆಸರಾದ ಸಿನಿಮಾದಲ್ಲಿ ಅಗೆತವೇ ಇಲ್ಲ.

ಹೊಸಪೇಟೆಯಲ್ಲಿ ಬೆಳೆದ ನನಗೆ ಇದು ದೊಡ್ಡ ಗುಣವಾಗಿಯೇ ಕಾಣುತ್ತದೆ. ನೆಲದೊಳಗಿನದರ ಆಸೆಗೆ ಬಿದ್ದವರ ಕತೆ ಹೇಳುವವರು ಸಾಮಾನ್ಯವಾಗಿ ಸಿಕ್ಕಿದ್ದನ್ನು ಹೇಳುತ್ತಾರೆ, ಇಲ್ಲವೇ ಸಿಗದೆ ಹಾಳಾದದ್ದನ್ನು. ಹೊರಡುವ ಮುಂಚೆ ಅವನು ಏನೇನು ಕಟ್ಟಿಕೊಂಡ, ಅದಕ್ಕೆ ರೊಕ್ಕ ಎಲ್ಲಿಂದ ಬಂತು, ಕಟ್ಟಿಕೊಂಡದ್ದರಲ್ಲಿ ಯಾವುದು ಕೆಲಸಕ್ಕೆ ಬಂತು ಎಂಬುದರ ಮೇಲೆ ಕತೆಗಾರರ ಕಣ್ಣು ನಿಲ್ಲುವುದು ಕಡಿಮೆ. ಚಿನ್ನದ ಕತೆಗೆ ನಾನು ಇಟ್ಟುಕೊಂಡ ಒರೆಗಲ್ಲು ಮಾತ್ರ ಅದೇ, ಗಂಟುಮೂಟೆ.

ಚಾಪ್ಲಿನ್‌ನ ಕತೆಯ ಹಿಂದಿರುವುದು ಕೆನಡಾದ ಕ್ಲೋಂಡೈಕ್. 1896ರ ಆಗಸ್ಟಿನಲ್ಲಿ ಅಲ್ಲಿನ ಹಳ್ಳವೊಂದರಲ್ಲಿ ಚಿನ್ನ ಸಿಕ್ಕಿತು. ಮುಂದಿನ ವರ್ಷ ಸುದ್ದಿ ಹಬ್ಬಿ ಸುಮಾರು ಒಂದು ಲಕ್ಷ ಜನ ಹೊರಟರು. ಗುಮಾಸ್ತರು, ಮೇಷ್ಟ್ರುಗಳು, ಟ್ರಾಮ್ ಓಡಿಸುವವರು. ಗಣಿಯ ಗಂಧವಿಲ್ಲದವರೇ ಹೆಚ್ಚು. ಚಿಲ್ಕೂಟ್ ಕಣಿವೆಯ ನೆತ್ತಿಯಲ್ಲಿ ಕೆನಡಾದ ಪೊಲೀಸರು ನಿಂತು, ವರ್ಷಕ್ಕೆ ಸಾಕಾಗುವಷ್ಟು ದಿನಸಿ ಇಲ್ಲದವರನ್ನು ಒಳಗೆ ಬಿಡಲಿಲ್ಲ. ದಿನಸಿ, ಒಲೆ, ಗರಗಸ, ಮೊಳೆ, ಚಿನ್ನ ತೊಳೆಯುವ ಬೋಗುಣಿ ಎಲ್ಲ ಸೇರಿ ತಲೆಗೆ ಹೆಚ್ಚುಕಡಿಮೆ ಒಂದು ಟನ್. ಹಿಟ್ಟೇ 180 ಕಿಲೋದಷ್ಟು. ಇಪ್ಪತ್ತು ಇಪ್ಪತ್ತೈದು ಕಿಲೋ ಬೆನ್ನಿಗೆ ಹಾಕಿಕೊಂಡು, ಮಂಜುಗಡ್ಡೆಯಲ್ಲಿ ಕಡಿದ ಸುಮಾರು 1500 ಮೆಟ್ಟಿಲು ಹತ್ತಿ, ಇಳಿಸಿ, ಮತ್ತೆ ಕೆಳಗೆ ಬಂದು ಹೊರಬೇಕು. ಒಬ್ಬನಿಗೆ ಮೂವತ್ತು ನಲವತ್ತು ಸಲ. ಕೂಲಿ ಕೊಡಬಲ್ಲವರ ಗಂಟನ್ನು ಅಲ್ಲಿನ ಟ್ಲಿಂಗಿಟ್ ಮೂಲನಿವಾಸಿಗಳು ತೂಕದ ಲೆಕ್ಕದಲ್ಲಿ ಹೊರುತ್ತಿದ್ದರು. ಪಕ್ಕದ ಇನ್ನೊಂದು ದಾರಿಯಲ್ಲಿ ಸತ್ತ ಕುದುರೆಗಳೇ ಸುಮಾರು 3000.

ಡಾಸನ್ ಪಟ್ಟಣ ಮುಟ್ಟಿದವರು ಮೂವತ್ತರಿಂದ ನಲವತ್ತು ಸಾವಿರ. ಅವರು ಮುಟ್ಟುವ ಹೊತ್ತಿಗೆ ಒಳ್ಳೆಯ ಹಳ್ಳಗಳೆಲ್ಲ ಬೇರೆಯವರ ಹೆಸರಿನಲ್ಲಿದ್ದವು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುತ್ತಿತ್ತು. ರಾತ್ರಿ ಅದರ ಮೇಲೆ ಬೆಂಕಿ ಹಾಕಿ, ಕರಗಿದಷ್ಟನ್ನು ಬೆಳಗ್ಗೆ ತೋಡಿ, ಚಳಿಗಾಲವಿಡೀ ಗುಡ್ಡೆ ಹಾಕಿಕೊಂಡು, ಬೇಸಿಗೆ ಹತ್ತಿರವಾಗಿ ನೀರು ಹರಿದಾಗ ತೊಳೆಯಬೇಕು. ಆರೇಳು ತಿಂಗಳು ದುಡಿದ ಮೇಲೂ ಗುಡ್ಡೆಯಲ್ಲಿ ಚಿನ್ನ ಎಷ್ಟಿದೆ ಎಂದು ಖಚಿತವಾಗುತ್ತಿರಲಿಲ್ಲ. ತಪ್ಪದೆ ದುಡ್ಡು ಮಾಡಿದವರು ಸಿಯಾಟಲ್‌ನ ಅಂಗಡಿಯವರು; ‘ಚಿನ್ನಕ್ಕೆ ಹೋಗುವವರಿಗೆ ಬೇಕಾದ ಸಾಮಾನು’ ಎಂದು ಪಟ್ಟಿ ಮಾಡಿ ಮಾರಿದವರು.

ಈ ಸಾಲಿನಲ್ಲಿ ಹತ್ತುವ ಜನರ ಫೋಟೋ ನೋಡಿಯೇ ಚಾಪ್ಲಿನ್‌ಗೆ ಸಿನಿಮಾ ಹೊಳೆದದ್ದು. ಮೊದಲ ದೃಶ್ಯಕ್ಕಾಗಿ ಕ್ಯಾಲಿಫೋರ್ನಿಯಾದ ಹಿಮದ ಬೆಟ್ಟಕ್ಕೆ 600 ಜನರನ್ನು ರೈಲಿನಲ್ಲಿ ಒಯ್ದು ಇರುವೆ ಸಾಲಿನಂತೆ ಹತ್ತಿಸಿದ. ಅವರಲ್ಲಿ ಬಹಳಷ್ಟು ಮಂದಿ ನಿಜವಾಗಿ ಮನೆಮಠವಿಲ್ಲದವರು. ಉಳಿದ ಹಿಮವೆಲ್ಲ ಹಾಲಿವುಡ್ಡಿನ ಬಿಸಿಲಲ್ಲಿ ತಯಾರಾದದ್ದು: 285 ಟನ್ ಉಪ್ಪು, 100 ಪೀಪಾಯಿ ಹಿಟ್ಟು. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲವಿರುವ ನಮ್ಮ ಬಳ್ಳಾರಿ ಸೀಮೆಯವರಿಗೆ ಆ ಚಳಿ ಹೇಗೆ ಅರ್ಥವಾಗಬೇಕು ಎಂದು ಗೆಳೆಯರೊಬ್ಬರು ಕೇಳಿದ್ದರು. ಅದನ್ನು ಕಟ್ಟಿದವರೂ ಬೆವರು ಒರೆಸಿಕೊಂಡೇ ಕಟ್ಟಿದ್ದು.

ಆ ಸಾಲಿನ ಬೆನ್ನಿಗೇ ಚಾಪ್ಲಿನ್ ಬರುತ್ತಾನೆ. ಬೆನ್ನಿಗೊಂದು ಗಂಟು, ತಲೆಗೆ ಪುಟ್ಟ ಟೋಪಿ, ಕೈಯಲ್ಲಿ ಬೆತ್ತ. ಹಿಮಕ್ಕೆ ಊರಿದರೆ ಹೂತುಹೋಗುವ ಬೆತ್ತ. ಹೊರಡುವಾಗ ಏನು ಬೇಕಾಗುತ್ತದೆಂದು ತಿಳಿಯದ ಹವ್ಯಾಸಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. ಮುಂದೆ ನಡೆಯುವುದೆಲ್ಲ ಸಾಮಾನುಗಳ ಕತೆ. ಮೋಂಬತ್ತಿಗೆ ಉಪ್ಪು ಉದುರಿಸಿ ತಿನ್ನುತ್ತಾನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ತನ್ನ ಬೂಟನ್ನೇ ಬೇಯಿಸಿ, ಲೇಸನ್ನು ಶಾವಿಗೆಯಂತೆ ಸುತ್ತಿ, ಮೊಳೆಗಳನ್ನು ಮೂಳೆಯಂತೆ ಚೀಪುತ್ತಾನೆ. (ಬೂಟು ಜ್ಯೇಷ್ಠಮಧುವಿನಿಂದ ಮಾಡಿದ್ದು, ಮತ್ತೆ ಮತ್ತೆ ಟೇಕ್ ತೆಗೆದು, ತಿಂದವರ ಹೊಟ್ಟೆ ಕೆಟ್ಟಿತಂತೆ.) ಎಲ್ಲರೂ ಈ ದೃಶ್ಯವನ್ನು ಹೊಗಳುತ್ತಾರೆ. ಆಮೇಲಿನದನ್ನು ಗಮನಿಸುವವರು ಕಡಿಮೆ: ಆ ಕಾಲಿಗೆ ಚಿಂದಿ ಸುತ್ತಿಕೊಂಡೇ ಅವನು ಓಡಾಡುತ್ತಾನೆ, ಆ ಚಿಂದಿಯಲ್ಲೇ ಕುಣಿಯುತ್ತಾನೆ, ಒಮ್ಮೆ ಅದಕ್ಕೆ ಬೆಂಕಿಯೂ ತಗಲುತ್ತದೆ. ತಿಂದದ್ದು ಒಂದು ಊಟ, ಕಳೆದುಕೊಂಡದ್ದು ನಡಿಗೆಯ ಸಾಧನ. ಆ ಲೆಕ್ಕವನ್ನು ಚಾಪ್ಲಿನ್ ಮರೆಯುವುದಿಲ್ಲ.

ಇದೇ ಕ್ಲೋಂಡೈಕಿಗೆ 1897ರಲ್ಲಿ ಜ್ಯಾಕ್ ಲಂಡನ್ ಸ್ವತಃ ಹೋಗಿದ್ದ. ಸಾಮಾನಿನ ಖರ್ಚಿಗೆ ಅವನ ಮಲಅಕ್ಕ ಮನೆ ಅಡವಿಟ್ಟಳು. ಮರುವರ್ಷ ಅವನು ಸ್ಕರ್ವಿ ಕಾಯಿಲೆ ಹಿಡಿಸಿಕೊಂಡು ಹೆಚ್ಚುಕಡಿಮೆ ಬರಿಗೈಲಿ ವಾಪಸು ಬಂದ. 1908ರ ಅವನ ‘ಟು ಬಿಲ್ಡ್ ಎ ಫೈರ್’ ಕತೆಯನ್ನು ಜನ ಪ್ರಕೃತಿಯೆದುರು ಮನುಷ್ಯ ಎಂಬ ದೊಡ್ಡ ಮಾತಿನಲ್ಲಿ ಓದುತ್ತಾರೆ. ನನಗೆ ಅದು ಗಂಟುಮೂಟೆಯ ಕತೆ. ಹೆಸರಿಲ್ಲದ ಆ ಮನುಷ್ಯನ ಹತ್ತಿರ ಅಂಗಿಯೊಳಗೆ, ಮೈಗೆ ಒತ್ತಿ ಇಟ್ಟುಕೊಂಡ ಬುತ್ತಿ, ಬೆಂಕಿಕಡ್ಡಿಗಳು, ಒಂದು ನಾಯಿ. ಅಷ್ಟೇ. ಬೆರಳು ಮರಗಟ್ಟಿದ ಮೇಲೆ ಎಪ್ಪತ್ತು ಕಡ್ಡಿಯನ್ನೂ ಅಂಗೈಗಳ ನಡುವೆ ಹಿಡಿದು ಒಟ್ಟಿಗೇ ಗೀರುತ್ತಾನೆ. ಆ ಕತೆಯಲ್ಲೂ ಅಗೆತವಿಲ್ಲ. ಅವನು ಬಂದದ್ದು ನದಿಯ ನಡುಗಡ್ಡೆಗಳಿಂದ ಮರದ ದಿಮ್ಮಿ ತರಲಾದೀತೇ ಎಂದು ನೋಡಲು.

ಈ ಒರೆಗಲ್ಲನ್ನು ನಮ್ಮ ಕಡೆಯ ಚಿನ್ನದ ಕತೆಗಳಿಗೆ ಹಚ್ಚಿ ನೋಡೋಣ. ಹಂಪಿ ಬಜಾರಿನಲ್ಲಿ ನಿಂತ ಯಾರನ್ನು ಕೇಳಿದರೂ ಮೊದಲು ಬರುವುದು ಒಂದೇ ಮಾತು: ಈ ಬೀದಿಯಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು. ಶಾಲೆಯ ಮಕ್ಕಳಿಂದ ಗೈಡುಗಳವರೆಗೆ ಎಲ್ಲರಿಗೂ ಬಾಯಿಪಾಠ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಪೇಟೆಯ ಹರಳು ಮುತ್ತುಗಳ ಬಗ್ಗೆ ಬರೆದದ್ದು ನಿಜ. ಆದರೆ ನಮ್ಮ ವಾಕ್ಯದಲ್ಲಿರುವುದು ಅಳತೆ ಮತ್ತು ಮಾರಾಟ ಮಾತ್ರ. ತೊಳೆದವರು, ತೋಡಿದವರು, ಹೊತ್ತು ತಂದವರು ಅದರಲ್ಲಿ ಇಲ್ಲ. ಹೀಗೆ ಸಿದ್ಧರೂಪದಲ್ಲೇ ಸಿಗುವ ಚಿನ್ನದ ಕತೆ ನಿಧಿಗಳ್ಳರನ್ನು ಹುಟ್ಟಿಸುತ್ತದೆ. ರಾತ್ರಿ ಹಾಳು ಗುಡಿಗೆ ಬರುವ ಆ ಹವ್ಯಾಸಿ ಗಣಿಗಾರರ ಗಂಟಿನಲ್ಲಿ ಹಾರೆ, ಸಲಿಕೆ. ಜೊತೆಗೆ ನಿಂಬೆಹಣ್ಣು, ಕುಂಕುಮ, ಕರ್ಪೂರ. ಬೆಳಗ್ಗೆ ನಮಗೆ ಸಿಗುವುದು ಬುಡ ಅಗೆದ ವಿಗ್ರಹ, ಒಂದು ಗುಂಡಿ. ಕ್ಲೋಂಡೈಕಿನವನ ಹಿಟ್ಟಿನ ಚೀಲ ಅವನಿಗೆ ಹಸಿವಿನ ಭಯವಿದ್ದದ್ದನ್ನು ಹೇಳುತ್ತದೆ. ಈ ನಿಂಬೆಹಣ್ಣು ಹೇಳುವುದು ಬೇರೆ: ಕೆಳಗೆ ಚಿನ್ನ ಇದ್ದೇ ಇದೆ, ಕಾವಲಿಗಿರುವುದನ್ನು ಸಮಾಧಾನ ಮಾಡಿದರೆ ಮುಗಿಯಿತು.

ನಮ್ಮ ನಿಜವಾದ ಗೋಲ್ಡ್ ರಶ್ ಬಂದದ್ದು ಹಂಪಿಯಲ್ಲಲ್ಲ, ಅದರ ಬೆನ್ನಿಗಿರುವ ಸಂಡೂರು ಗುಡ್ಡಗಳಲ್ಲಿ. ಚಿನ್ನದಿಂದಲ್ಲ, ಕಬ್ಬಿಣದ ಅದಿರಿನಿಂದ. 2000ದ ದಶಕದಲ್ಲಿ ಚೀನಾದಿಂದ ಬೇಡಿಕೆ ಏರಿದಾಗ ಗುತ್ತಿಗೆದಾರರಷ್ಟೇ ಅಲ್ಲ, ಪಟ್ಟಾ ಹೊಲವಿದ್ದವರೂ ಮೇಲ್ಮಣ್ಣು ಕೆರೆಯತೊಡಗಿದರು. ಸುತ್ತಿಗೆ, ಜರಡಿ, ಬುಟ್ಟಿ ಇದ್ದರೆ ಸಾಕು. ಹೆಂಗಸರು ಮಕ್ಕಳು ಕೂತು ಕಲ್ಲು ಕುಟ್ಟಿ ಜರಡಿ ಹಿಡಿದರು. ನಮ್ಮ ಓಣಿಯಲ್ಲಿ ಕಬ್ಬು ಬಾಳೆ ಬೆಳೆಯುತ್ತಿದ್ದವರೊಬ್ಬರು, ನಾವೆಲ್ಲ ಮಾವ ಎನ್ನುತ್ತಿದ್ದವರು, ಹೊಲ ಒತ್ತೆ ಇಟ್ಟು, ಮೇಲೆ ಸಾಲವನ್ನೂ ಮಾಡಿ ಟಿಪ್ಪರ್ ತಂದರು. “ಹೊಲಕ್ಕ ನೀರು ಕಟ್ಟಿದ್ರ ವರ್ಷಕ್ಕೊಮ್ಮೆ ರೊಕ್ಕ. ಇದು ದಿನಾ ರೊಕ್ಕ ನೋಡಪಾ” ಎಂದಿದ್ದರು. ಟಾರ್ಪಾಲು, ಹಗ್ಗ, ಜಾಕು, ಎರಡು ಸ್ಟೆಪ್ನಿ, ಚಕ್ರದಡಿಗೆ ನಿಂಬೆಹಣ್ಣು. ಅಲ್ಲೂ ನಿಂಬೆಹಣ್ಣು!

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಕಂತು ನಿಲ್ಲಲಿಲ್ಲ. ಮಾವನ ಟಿಪ್ಪರ್ ಕೆಲವು ತಿಂಗಳು ಮನೆಯ ಮುಂದೆಯೇ ನಿಂತಿತ್ತು, ಆಮೇಲೆ ಸಾಲ ಕೊಟ್ಟವರು ಒಯ್ದರು. ಹೊಲ ಬಿಡಿಸಿಕೊಳ್ಳಲು ಅವರಿಗೆ ಆರು ವರ್ಷ ಹಿಡಿಯಿತು. ಅದೇ ಜುಲೈ ಕೊನೆಯಲ್ಲಿ ಹಂಪಿ ಬಜಾರಿನ ಮಂಟಪಗಳಿಗೆ ಹೊಂದಿಕೊಂಡಿದ್ದ ಮನೆ ಅಂಗಡಿಗಳ ಮೇಲೆ ಬುಲ್ಡೋಜರ್ ಹರಿಯಿತು. ಟೋಪಿ, ನಕ್ಷೆ, ನೀರಿನ ಬಾಟಲಿ, ಬಾಡಿಗೆ ಸೈಕಲ್ಲು, ಹೀಗೆ ಪ್ರವಾಸಿಗಳಿಗೆ ಸಾಮಾನು ಒದಗಿಸುತ್ತಿದ್ದ ಅಂಗಡಿಗಳು ಅವು. ಸಿಯಾಟಲ್‌ನವರ ಅದೃಷ್ಟ ಇವರಿಗಿರಲಿಲ್ಲ.

ಗಣಿಯ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದರಲ್ಲಿ ಹೆಲಿಕಾಪ್ಟರು, ಅರಮನೆಯಂಥ ಮನೆ, ಲೋಕಾಯುಕ್ತ ವರದಿ ಎಲ್ಲ ಇವೆ. ಕೆಂಪು ಧೂಳು ಬೇಕಾದಷ್ಟಿದೆ. ಮಾವನ ಟಿಪ್ಪರಿನ ಸ್ಟೆಪ್ನಿ ಇಲ್ಲ. ದೊಡ್ಡವರ ಪಾಪದ ಕತೆ ಬರೆಯುವುದು ಅಗತ್ಯ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಊರಿಗೆ ಊರೇ ಹೇಗೆ ಒಳಗೆ ಇಳಿಯಿತು ಎಂದು ತಿಳಿಯಲು ಚಿಲ್ಕೂಟ್ ಸಾಲಿನಲ್ಲಿ ನಿಂತವರಂಥ ಸಣ್ಣವರ ಗಂಟು ಬಿಚ್ಚಿ ನೋಡಬೇಕು.

‘ಕೆಜಿಎಫ್’ ಸಿನಿಮಾಗಳು (2018, 2022) ಬಿಚ್ಚುವುದಿಲ್ಲ. ಕೋಲಾರದ ಸೈನೈಡ್ ದಿಬ್ಬಗಳ ಮೇಲೆ ಚಿತ್ರಿಸಿದ ಆ ಸಿನಿಮಾಗಳಲ್ಲಿ ಸುತ್ತಿಗೆ ಗುದ್ದಲಿಗಳು ರಾಶಿ ರಾಶಿ ಕಾಣುತ್ತವೆ, ಆದರೆ ಅವೆಲ್ಲ ಆಯುಧಗಳು. ಕೊನೆಗೆ ಸಾಧನವೆಂದು ಜನರ ನೆನಪಿನಲ್ಲಿ ನಿಂತದ್ದು ‘ದೊಡ್ಡಮ್ಮ’ ಎಂಬ ಮಷಿನ್‌ಗನ್. 1802ರಲ್ಲಿ ಅದೇ ನೆಲಕ್ಕೆ ಬಂದ ಜಾನ್ ವಾರನ್ ಎಂಬ ಸರ್ವೇ ಅಧಿಕಾರಿ ಕಂಡದ್ದು ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದ ಹಳ್ಳಿಗರನ್ನು. ಅವರನ್ನು ನಾಯಕರನ್ನಾಗಿಸಿದ ಸಿನಿಮಾ ಇನ್ನೂ ಬರಬೇಕು.

ಹೊಸಪೇಟೆಯಿಂದ ರೈಲು ಹತ್ತಿ ಪಶ್ಚಿಮಕ್ಕೆ ಹೋದರೆ ಗದಗ ಬರುತ್ತದೆ. ಅಲ್ಲಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದವರನ್ನು ಜಲಗಾರರು ಎನ್ನುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಅವರ ಬಗ್ಗೆ ಬರೆದಿದ್ದಾನೆ. ಮುಂದೆ ಸಂಡೂರು ಗುಡ್ಡಗಳನ್ನು ಅಳೆದವನೂ ಅವನೇ. ಜಲಗಾರರಿಗೆ ಬೇಕಾದದ್ದು ಒಂದು ಮರದ ತಟ್ಟೆ, ಹರಿವ ನೀರು, ಬಗ್ಗುವ ಬೆನ್ನು. ಅದೇ ಪದ ಕಸ ಗುಡಿಸುವವರಿಗೂ ಸಲ್ಲುತ್ತದೆ. 1928ರಲ್ಲಿ ಕುವೆಂಪು ‘ಜಲಗಾರ’ ನಾಟಕ ಬರೆದದ್ದು ಆ ಅರ್ಥದಲ್ಲಿ. ಕಸವನ್ನೂ ಚಿನ್ನವನ್ನೂ ಎತ್ತುವವನಿಗೆ ಒಂದೇ ಹೆಸರಿಟ್ಟ ಭಾಷೆಯಲ್ಲಿ ಚಿನ್ನದ ಸಿನಿಮಾ ಮಷಿನ್‌ಗನ್ ಹಿಡಿದದ್ದು ನನಗೆ ಸ್ವಲ್ಪ ಬೇಸರದ ಸಂಗತಿ.

ಚಾಪ್ಲಿನ್‌ನ ಸಿನಿಮಾವೂ ಕೊನೆಗೆ ಸ್ವಲ್ಪ ಹೆದರುತ್ತದೆ. ಬಿಗ್ ಜಿಮ್‌ಗೆ ಚಿನ್ನದ ಬೆಟ್ಟ ಸಿಕ್ಕೇಬಿಡುತ್ತದೆ, ಇಬ್ಬರೂ ಕೋಟ್ಯಧೀಶರಾಗಿ ಹಡಗು ಹತ್ತುತ್ತಾರೆ. ಕ್ಲೋಂಡೈಕಿನ ಸಾವಿರಾರು ಬರಿಗೈಗಳ ಮುಂದೆ ಇದು ಸುಳ್ಳು. ಆದರೆ ಆ ಸುಳ್ಳಿನೊಳಗೇ ಸಿನಿಮಾದ ಅತ್ಯಂತ ಚೂಪಾದ ಕ್ಷಣವಿದೆ. ಪತ್ರಿಕೆಯವರು ಫೋಟೋಗಾಗಿ ಹಳೆಯ ಬಟ್ಟೆ ಹಾಕಿಕೊಳ್ಳಿ ಎನ್ನುತ್ತಾರೆ. ಚಾಪ್ಲಿನ್ ಹಾಕಿಕೊಂಡು ಹಿಂದಕ್ಕೆ ಸರಿಯುತ್ತ ಸರಿಯುತ್ತ ಕೆಳಗಿನ ದರ್ಜೆಯವರ ಅಟ್ಟಕ್ಕೆ ಬೀಳುತ್ತಾನೆ. ಟಿಕೆಟ್ಟಿಲ್ಲದೆ ಹತ್ತಿದವನಿವನೇ ಎಂದುಕೊಂಡು ಜಾರ್ಜಿಯಾ ಅವನನ್ನು ಕಾಪಾಡಲು ಬರುತ್ತಾಳೆ.

1942ರಲ್ಲಿ ಚಾಪ್ಲಿನ್ ಈ ಸಿನಿಮಾವನ್ನು ಮತ್ತೆ ಕತ್ತರಿಸಿ, ತನ್ನದೇ ದನಿಯಲ್ಲಿ ವಿವರಣೆ ಸೇರಿಸಿ, ಕೊನೆಯ ಮುತ್ತನ್ನು ತೆಗೆದುಹಾಕಿ ಬಿಡುಗಡೆ ಮಾಡಿದ. ಆ ದನಿ ಎಲ್ಲವನ್ನೂ ಹೇಳಿಬಿಡುತ್ತದೆ. ಕಾಲಿನ ಚಿಂದಿಯನ್ನು ನಾವೇ ಕಂಡುಕೊಳ್ಳಲು ಬಿಡುವುದಿಲ್ಲ. ನೋಡುವವರು 1925ರ ಮೂಕಿಯನ್ನೇ ಹುಡುಕಿ ನೋಡಿ.