ಕೇಳು ಎಂದರೆ ಎರಡರ್ಥ

ಮಾನವ ಹಕ್ಕು ನಮ್ಮ ಪಠ್ಯಪುಸ್ತಕಗಳಲ್ಲಿ ಪೌರನೀತಿಯ ಒಂದು ಒಣ ಪಾಠ. 1948ರ ಡಿಸೆಂಬರ್ 10 ಎಂಬ ತಾರೀಖನ್ನು ಮಕ್ಕಳು ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆ ಘೋಷಣೆಯ ಮೊದಲ ವಿಧಿಯಲ್ಲಿ ಗಂಡಸರನ್ನಷ್ಟೇ ಸೂಚಿಸುತ್ತಿದ್ದ ಪದವನ್ನು 'ಎಲ್ಲ ಮನುಷ್ಯರು' ಎಂದಾಗುವಂತೆ ತಿದ್ದಿಸಿದವರು ನಮ್ಮ ಹನ್ಸಾ ಮೆಹ್ತಾ ಎಂಬುದು ಪ್ರಶ್ನೆಪತ್ರಿಕೆಗೆ ಬರುವುದೇ ಇಲ್ಲ! ಮಕ್ಕಳ ಪಾಡೇ ಹೀಗಾದರೆ, ಓದು ಬಾರದ, ನಲವತ್ತು ದಾಟಿದ ಹೆಂಗಸಿಗೆ ಹಕ್ಕಿನ ಪಾಠ ಹೇಳುವುದು ಹೇಗೆ?

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. 1940ರ ದಶಕದಲ್ಲೇ ಇಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿತು. ಹೊಸದಾಗಿ ಅಕ್ಷರ ಕಲಿತವರಿಗೆಂದು 'ಬೆಳಕು' ಪತ್ರಿಕೆ ಹೊರಟಿತು. ಅಲ್ಲಿ ಅಕ್ಷರ ಮೊದಲು, ಅರಿವು ಆಮೇಲೆ. ಮಹಿಳಾ ಸಮಾಖ್ಯೆಯೂ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ 2005ರ ಸುಮಾರಿಗೆ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಆರಂಭಿಸಿದ 'ಮಾಹಿತಿ ಮಂಥನ' ಈ ಕ್ರಮವನ್ನು ತಿರುವುಮುರುವು ಮಾಡಿತು. ಮುಕ್ತ ವಿಶ್ವವಿದ್ಯಾಲಯದ ಜ್ಞಾನವಾಣಿಯಿಂದ ವಾರಕ್ಕೊಮ್ಮೆ 'ಕೇಳು ಸಖಿ' ಎಂಬ ಕಾರ್ಯಕ್ರಮ ಬರುತ್ತಿತ್ತು. ಜೊತೆಗೆ ಸಂಘದವರು ಒಟ್ಟಿಗೆ ಕೂತು ನೋಡಿ ಮಾತಾಡಲೆಂದು ಕಿರುಚಿತ್ರಗಳು. ಮಾತಾಡುವವರು ಬಡ, ಹೆಚ್ಚಿನಂಶ ದಲಿತ ಹೆಣ್ಣುಮಕ್ಕಳು, ಕೇಳುವವರೂ ಅವರೇ.

ಆ ಹೆಸರೇ ನನಗೆ ಬಹಳ ಹಿಡಿಸಿತು. ಕನ್ನಡದಲ್ಲಿ 'ಕೇಳು' ಎಂದರೆ ಆಲಿಸು ಎಂದೂ ಆಯಿತು, ಪ್ರಶ್ನಿಸು ಎಂದೂ ಆಯಿತು. ಕೂಲಿ ಕೇಳು, ಪಾಲು ಕೇಳು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತ್ತು; ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೂ ಅಣ್ಣತಮ್ಮಂದಿರ ಎದುರು ಪಾಲು ಕೇಳಿದವರೆಷ್ಟು ಮಂದಿ? ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಗೆ ಕಾನೂನಿನ ಕರಪತ್ರ ಮದ್ದಲ್ಲ. ತನ್ನಂಥವಳೇ ಒಬ್ಬಳು, ತನ್ನದೇ ಮಾತಿನ ಧಾಟಿಯಲ್ಲಿ, 'ಕೇಳ್ದೆ ಕಣಕ್ಕ' ಎಂದರೆ ಮೈಯೆಲ್ಲ ಕಿವಿಯಾಗುತ್ತದೆ.

ಆದರೆ ಈ ಬಗೆಯ ಕಥೆಗಳ ಬಗ್ಗೆ ನನ್ನದೊಂದು ತಕರಾರಿದೆ. ಕಷ್ಟಪಟ್ಟಳು, ಸಂಘ ಸೇರಿದಳು, ಗೆದ್ದಳು ಎಂಬ ಮೂರು ಮೆಟ್ಟಿಲಿನ ಅಚ್ಚಿಗೆ ಎಲ್ಲರ ಬದುಕನ್ನೂ ಒತ್ತುವ ಚಾಳಿ ಸಂಘಸಂಸ್ಥೆಗಳಿಗೆ ಬಹುಬೇಗ ಅಂಟುತ್ತದೆ. ಸೋತವಳ ಕಥೆಯನ್ನೂ ಹಾಕಬೇಕು. ಕೌಟುಂಬಿಕ ಹಿಂಸೆಯ ಕಾಯಿದೆ ಜಾರಿಗೆ ಬಂದು, 2006ರಿಂದ ಈಚೆಗೆ, ಎಷ್ಟೋ ವರ್ಷಗಳಾದವು. ದೂರು ಕೊಟ್ಟು, ಅದೇ ಮನೆಗೆ ಮರಳಿ, ಅದೇ ಒಲೆಯ ಮುಂದೆ ಕೂತವಳಿಂದ ಕಲಿಯುವುದು ಗೆದ್ದವಳಿಂದ ಕಲಿಯುವುದಕ್ಕಿಂತ ಕಡಿಮೆಯೇನಲ್ಲ.

ಇನ್ನೊಂದು ಮಾತು. ರೇಡಿಯೋದಲ್ಲಿ ಮುಖ ಕಾಣುವುದಿಲ್ಲ, ವಿಡಿಯೋದಲ್ಲಿ ಕಾಣುತ್ತದೆ. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲ್. ತರಬೇತಿ ಶಿಬಿರದಲ್ಲಿ ಧೈರ್ಯವಾಗಿ ಆಡಿದ ಮಾತು ಸಂಜೆಯೊಳಗೆ ಮೈದುನನ ಫೋನಿಗೆ ಬಂದಿರುತ್ತದೆ. ಹಕ್ಕಿನ ಪಾಠ ಕಲಿಸುವವರು ಹೇಳದೆ ಇರುವ ಹಕ್ಕನ್ನು ಮೊದಲು ಕಲಿಸಲಿ. ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆಯಾಗದು. ತಯಾರಾದದ್ದನ್ನು ಮೊದಲು ಅವಳಿಗೇ ತೋರಿಸಿ, 'ಇದು ಬೇಡಮ್ಮ' ಎಂದಳಾದರೆ ಅವಳೆದುರೇ ಅಳಿಸಬೇಕು.

ಮಹಿಳಾ ಸಮಾಖ್ಯೆಗೆ ಬರುತ್ತಿದ್ದ ಕೇಂದ್ರದ ನೆರವು 2016ರಲ್ಲಿ ನಿಂತಿತು. ಯೋಜನೆ ಮುಗಿದರೆ ಕಡತ ಮುಚ್ಚುತ್ತಾರೆ, ಸರಿ. ಧ್ವನಿ ಕಡತವಲ್ಲವಲ್ಲ! ಹೇಳಿದವಳು ಒಪ್ಪಿದರೆ, ಅದರ ಒಂದು ಪ್ರತಿ ಅವಳ ಊರಿನ ಪಂಚಾಯಿತಿ ಗ್ರಂಥಾಲಯದಲ್ಲಿರಲಿ. ಮೊಮ್ಮಗಳು ಹೋಗಿ ಕೇಳಲಿ, ಎರಡರ್ಥದಲ್ಲೂ.