ಪಳಗಿದ ಹಿತ್ತಾಳೆ

ಹೋದ ಮೇ ತಿಂಗಳು ಕಳಸದಲ್ಲೊಂದು ಮದುವೆ. ಹಿಂದಿನ ಸಂಜೆ ಗುಡುಗು ಸಿಡಿಲಿನ ಮಳೆ ಸುರಿದಿತ್ತು, ಬೆಳಿಗ್ಗೆಯೂ ಚಪ್ಪರದ ಸೋಗೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ನಾನು ಕೂತದ್ದು ಓಲಗದವರ ಪಕ್ಕದಲ್ಲೇ. ಅವರು ಕಾರ್ಕಳದ ಕಡೆಯವರು; ನಸುಕಿನಲ್ಲೇ ಹೊರಟು ಕುದುರೆಮುಖದ ದಾರಿಯಲ್ಲಿ ಘಟ್ಟ ಹತ್ತಿ ಬಂದಿದ್ದರು. ಹಿರಿಯರೊಬ್ಬರು ಕಪ್ಪು ಪೆಟ್ಟಿಗೆ ತೆರೆದು ಸ್ಯಾಕ್ಸೊಫೋನ್ ಜೋಡಿಸಿದರು. ರೀಡನ್ನು ಬಾಯಿಗಿಟ್ಟುಕೊಂಡು ನೆನೆಸುತ್ತಲೇ ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದು, ಒಂದು ಕೀಲಿಯ ಅಡಿಗೆ ಸಿಕ್ಕಿಸಿ, ಕೀಲಿ ಒತ್ತಿ ಹಿಡಿದು ಮೆಲ್ಲಗೆ ಎಳೆದರು. ಮತ್ತೊಮ್ಮೆ ಎಳೆದರು. ಥಂಡಿಗೆ ಕೀಲಿಯಡಿಯ ತೊಗಲಿನ ಬಿಲ್ಲೆ ರಂಧ್ರಕ್ಕೆ ಅಂಟಿಕೊಳ್ಳುತ್ತದಂತೆ. ಹಾಗೆ ಅಂಟಿದರೆ ಬೇಕಾದ ಸ್ವರ ಬೇಕಾದಾಗ ಬಾಯಿ ಬಿಡುವುದಿಲ್ಲ. ಒಣ ನೋಟು ಆ ಪಸೆಯನ್ನು ಹೀರಿಕೊಳ್ಳುತ್ತದೆ.

ಆ ವಾದ್ಯ ಅಲ್ಲಿರುವುದು ವಿಚಿತ್ರ ಎಂದು ಚಪ್ಪರದಲ್ಲಿ ಯಾರಿಗೂ ಅನಿಸಿರಲಿಲ್ಲ. ನಮ್ಮ ಕಡೆ ಮದುವೆ, ತೇರು, ಗೃಹಪ್ರವೇಶ ಎಂದರೆ ಸ್ಯಾಕ್ಸೊಫೋನು, ಡೋಲು, ತಾಳ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ, ಫೌಜಿನ ಬ್ಯಾಂಡಿಗೆಂದು ಬಳಕೆಗೆ ಬಂದ, ಅಮೆರಿಕದ ಕರಿಯರ ಕೈಯಲ್ಲಿ ಜಾಜ್ ಆಗಿ ಸಿಡಿದ ಹಿತ್ತಾಳೆಯ ಕೊಳವೆ ಮಲೆನಾಡಿನ ಗಟ್ಟಿಮೇಳಕ್ಕೆ ಇಷ್ಟು ಸಹಜವಾಗಿ ಒದಗಿಬಂದದ್ದು ಮುಖ್ಯವಾಗಿ ಒಬ್ಬ ಮನುಷ್ಯನಿಂದ. ಅವರೇ ಕದ್ರಿ ಗೋಪಾಲನಾಥರು; ತೀರಿಕೊಂಡದ್ದು 2019ರ ಅಕ್ಟೋಬರ್ 11ರಂದು. ಅವರ ಬಗ್ಗೆ ಬಂದ ಬರಹಗಳಲ್ಲಿ ಹೊಗಳಿಕೆಗೆ ಕೊರತೆಯಿಲ್ಲ. ಆದರೆ ಅವರು ಕಟ್ಟಿದ ಪರಂಪರೆ ಏನು ಗಳಿಸಿತು, ಏನು ಬಿಟ್ಟುಕೊಟ್ಟಿತು ಎಂಬ ಲೆಕ್ಕಕ್ಕೆ ನಾವಿನ್ನೂ ಕೈಹಾಕಿಲ್ಲ.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುಗಳು. ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು ಎನ್ನುತ್ತಾರೆ. ಇದು ಉತ್ಪ್ರೇಕ್ಷೆ ಅಲ್ಲ ಎಂದು ತಿಳಿಯಲು ತೋಡಿಯ ಗಾಂಧಾರವೊಂದನ್ನು ನೋಡಿದರೆ ಸಾಕು. ಆ ಗಾಂಧಾರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ. ರಿಷಭದ ಕಡೆಗೊಮ್ಮೆ, ಮಧ್ಯಮದ ಕಡೆಗೊಮ್ಮೆ ತೂಗುತ್ತಲೇ ಇರಬೇಕು, ನಿಂತರೆ ತೋಡಿ ಸತ್ತಿತು. ನಾಗಸ್ವರದಲ್ಲಿ ರಂಧ್ರಗಳು ತೆರೆದಿರುತ್ತವೆ. ಬೆರಳನ್ನು ಅರ್ಧ ಸರಿಸಿ, ಉಸಿರು ಬಿಗಿಮಾಡಿ ಆ ತೂಗಾಟ ತರಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಸರಳು, ತೊಗಲಿನ ಬಿಲ್ಲೆ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಎರಡು ಮೆಟ್ಟಿಲುಗಳ ನಡುವೆ ಜಾರುಬಂಡೆ ಇಲ್ಲ. ಆ ಜಾರುಬಂಡೆಯನ್ನು ಅವರು ತುಟಿ, ದವಡೆ, ಗಂಟಲು, ಉಸಿರಿನಲ್ಲಿ ಕಟ್ಟಿಕೊಂಡರು. ವಾದ್ಯದಲ್ಲೂ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡರು.

ನನ್ನ ಮಟ್ಟಿಗೆ ಕರ್ನಾಟಕದಲ್ಲಿ ‘ಅವಾಂಗಾರ್ದ್’ ಎಂಬ ಮಾತಿಗೆ ತಕ್ಕ ಸಂಗೀತ ಕಾರ್ಯ ಅದು. ಮದರಾಸಿನ ಸಭೆಗಳಲ್ಲಿ ಮೂಗು ಮುರಿದವರು ಕಡಿಮೆಯೇನಲ್ಲ. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ ಜೊತೆಗೆ ನುಡಿಸುವ ಆಸೆಪಟ್ಟು ವೇದಿಕೆಗೆ ಬಂದರು. ಹ್ಯಾಂಡಿ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ಪಳಗಿದವರು, ಅದಾಗಲೇ ಅಲಿ ಅಕ್ಬರ್ ಖಾನರ ಜೊತೆ ನುಡಿಸಿದ್ದವರು. ತನ್ನ ವಾದ್ಯದಲ್ಲಿ ತನಗೆ ಬಾರದ್ದೊಂದು ಇದೆ ಎಂದು ಸಭೆಯ ಪಂಡಿತರಿಗಿಂತ ಮೊದಲು ಗುರುತಿಸಬಲ್ಲ ಕಿವಿ ಅದು.

ಇನ್ನೊಂದು ಸಂಗತಿಯನ್ನು ಸಂಗೀತದ ಬರಹಗಳು ಸಾಮಾನ್ಯವಾಗಿ ದಾಟಿ ಹೋಗುತ್ತವೆ. ನಾಗಸ್ವರ ಮಂಗಳವಾದ್ಯ. ಮಂಗಳ ಎಂದು ಹೊಗಳಿ ಅದನ್ನು ಅಂಗಳದಲ್ಲೇ ನಿಲ್ಲಿಸಿದ್ದೇವೆ. ನುಡಿಸುವವರು ಇಂಥ ಸಮುದಾಯದವರು, ನಿಲ್ಲುವ ಜಾಗ ಇಂಥದ್ದು, ಊಟದ ಪಂಕ್ತಿ ಇಂಥದ್ದು ಎಂದು ಊರೂರಲ್ಲಿ ಬರೆಯದ ಕಾನೂನು. ಟಿ.ಎನ್. ರಾಜರತ್ನಂ ಪಿಳ್ಳೈ ಅವರಂಥ ದೈತ್ಯರೂ ವೇದಿಕೆಯ ಮೇಲೆ ಮರ್ಯಾದೆಯಿಂದ ಕೂರಲು ಹಟ ಹಿಡಿಯಬೇಕಾಯಿತು. ನಾಗಸ್ವರದವರ ಮನೆಯ ಹುಡುಗ ಅಪ್ಪನ ವಾದ್ಯ ಹಿಡಿದೇ ಹೋಗಿದ್ದರೆ ಅವನಿಗೂ ಸಿಗುತ್ತಿದ್ದದ್ದು ಅದೇ ಅಂಗಳವೇನೋ. ಸ್ಯಾಕ್ಸೊಫೋನಿಗೆ ಇಲ್ಲಿ ಜಾತಿಯಿರಲಿಲ್ಲ. ಅದಕ್ಕೆ ಎಲ್ಲಿ ಕೂರಬೇಕು ಎಂದು ಯಾರೂ ನಿಗದಿ ಮಾಡಿರಲಿಲ್ಲ. ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಅವರು ನೇರ ಸಭೆಯ ನಡುವೆ ಹೋಗಿ ಕೂತರು, ಪಿಟೀಲು ಮೃದಂಗಗಳನ್ನು ಪಕ್ಕವಾದ್ಯ ಮಾಡಿಕೊಂಡು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್. ಅದೇ ವರ್ಷ ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’, ಎ.ಆರ್. ರೆಹಮಾನ್ ಸಂಗೀತ, ಮನೆಮನೆಗೆ ಹೊಕ್ಕ ಕಲ್ಯಾಣವಸಂತ ರಾಗ. 2004ರಲ್ಲಿ ಪದ್ಮಶ್ರೀ. ಅವರ ಜರತಾರಿ ಜುಬ್ಬಾ, ಕೈತುಂಬ ಉಂಗುರಗಳನ್ನು ಕಂಡು ನಗುತ್ತಿದ್ದವರನ್ನು ನಾನು ಬಲ್ಲೆ. ನನಗೆ ಆ ಜುಬ್ಬಾ, ಸಭೆಯ ನಡುವೆಯೇ ಕೂರುತ್ತೇನೆ ಎಂಬ ವಾದದ ಒಂದು ಭಾಗವಾಗಿಯೇ ಕಾಣುತ್ತದೆ.

ಹೀಗೆ ಅಂಗಳ ದಾಟಿ ಒಳಗೆ ಹೋದ ವಾದ್ಯ ಮುಂದೆ ಅದೇ ಅಂಗಳಕ್ಕೆ ವಾಪಸು ಬಂತು, ಬಂದು ನಾಗಸ್ವರವನ್ನೇ ಎಬ್ಬಿಸಿ ಕಳಿಸಿತು. ಕಳಸದ ಮದುವೆಗಳಲ್ಲಿ ನಾಗಸ್ವರ ಕೇಳಿ ಎಷ್ಟು ದಿನವಾಯಿತು ಎಂದು ನಾನು ಬೆರಳು ಮಡಚಿ ಎಣಿಸಬೇಕು. ಕಾರಣಗಳು ತೀರ ಲೌಕಿಕ. ನಾಗಸ್ವರದ ಸೀವಾಳಿಯ, ಅಂದರೆ ರೀಡಿನ, ಉಪಚಾರ ದೊಡ್ಡದು, ಅದು ಕೇಳುವ ದಮ್ಮು ಇನ್ನೂ ದೊಡ್ಡದು. ಸ್ಯಾಕ್ಸೊಫೋನಿನಲ್ಲಿ ಸಿನಿಮಾ ಹಾಡು ಸಲೀಸು. ಗಮಕದ ಗೋಜಿಲ್ಲದೆ ಕೀಲಿ ಒತ್ತಿದಷ್ಟಕ್ಕೇ ಧಾಟಿ ಬಂದುಬಿಡುತ್ತದೆ. ಗೋಪಾಲನಾಥರು ಇಪ್ಪತ್ತು ವರ್ಷ ಯಾವ ಮೆಟ್ಟಿಲುಗಳನ್ನು ಅಳಿಸಲು ಬೆವರು ಸುರಿಸಿದರೋ ಆ ಮೆಟ್ಟಿಲುಗಳೇ ಚಪ್ಪರದ ವಾದಕನಿಗೆ ಅನುಕೂಲವಾದವು. ಇದು ಅವನ ತಪ್ಪಲ್ಲ. ದಿಬ್ಬಣದವರು ಕೇಳುವುದು ಹಾಡನ್ನು, ತೋಡಿಯನ್ನಲ್ಲ.

ಸಭೆಯ ಕವಲಿನ ಮೇಲೆ ನನ್ನ ದೂರು ಬೇರೆ. ಈ ಪರಂಪರೆಯಲ್ಲಿ ಅತಿ ದೊಡ್ಡ ಮೆಚ್ಚುಗೆ ಎಂದರೆ ‘ಬಾಯಲ್ಲಿ ಹಾಡಿದ ಹಾಗೇ ಇದೆ’ ಎನ್ನುವುದು. ನಮ್ಮಲ್ಲಿ ಎಲ್ಲ ವಾದ್ಯಕ್ಕೂ ಇದೇ ಅಳತೆ, ಒಪ್ಪಿದೆ. ಆದರೆ ಪಿಟೀಲು, ವೀಣೆ ಹಾಡಿನ ಹಾಗಿದ್ದೂ ತಮ್ಮತನ ಉಳಿಸಿಕೊಂಡಿವೆ. ವೀಣೆಯ ಮೀಟು ವೀಣೆಯದೇ. ಸ್ಯಾಕ್ಸೊಫೋನಿಗೆ ತನ್ನದೇ ಆದ ಸ್ವಭಾವ ಬೇಕಾದಷ್ಟಿದೆ: ಅದು ಗುರುಗುಟ್ಟುತ್ತದೆ, ಕಿರುಚುತ್ತದೆ, ಒಂದೇ ಉಸಿರಿನಲ್ಲಿ ಎರಡು ಮೂರು ಸ್ವರಗಳಾಗಿ ಬಿರಿಯುತ್ತದೆ, ಕೀಲಿಗಳ ಸದ್ದೇ ತಾಳವಾಗುತ್ತದೆ. 1959–60ರಲ್ಲಿ ಆರ್ನೆಟ್ ಕೋಲ್ಮನ್ ಒಂದು ಪ್ಲಾಸ್ಟಿಕ್ ಆಲ್ಟೊ ಹಿಡಿದು ಜಾಜ್‌ನ ಸ್ವರಮೇಳದ ಕಟ್ಟು ಕಳಚಿದ್ದು, 1969ರಲ್ಲಿ ಆಂಥನಿ ಬ್ರಾಕ್ಸ್‌ಟನ್ ಪಕ್ಕವಾದ್ಯವೇ ಇಲ್ಲದೆ ಒಂಟಿ ಆಲ್ಟೊದಲ್ಲಿ ಎರಡು ರೆಕಾರ್ಡಿನಷ್ಟು ನುಡಿಸಿದ್ದು ಈ ಒರಟು ಸ್ವಭಾವವನ್ನು ನಂಬಿಯೇ. ಕದ್ರಿ ಪರಂಪರೆ ಅದನ್ನೆಲ್ಲ ದೋಷ ಎಂದು ತೊಳೆದು ತೆಗೆಯಿತು. ಉಳಿದದ್ದು ದುಂಡಗಿನ, ಎಣ್ಣೆ ಸವರಿದಂಥ, ಎಲ್ಲೂ ಬಿರುಕಿಲ್ಲದ ನಾದ. ವಾದ್ಯ ಪಳಗಿತು. ಎಷ್ಟು ಪಳಗಿತೆಂದರೆ, ಇದು ಸ್ಯಾಕ್ಸೊಫೋನು ಎಂಬುದೇ ಮರೆತುಹೋಗಬೇಕು ಎನ್ನುವುದು ಸಾಧನೆಯ ಗುರಿಯಾಯಿತು.

ಗೋಪಾಲನಾಥರನ್ನು ಕೋಲ್ಮನ್ ಆಗು ಎಂದು ಕೇಳುವುದು ಅನ್ಯಾಯ, ಗೊತ್ತಿದೆ. ಅವರ ಮುಂದಿದ್ದ ಪ್ರಶ್ನೆ ಬೇರೆ: ಒಳಗೆ ಬಿಡುತ್ತೀರೋ ಇಲ್ಲವೋ ಎಂಬುದು. ಒಳಗೆ ಬರುವವನು ಬಾಗಿಲಲ್ಲಿ ಕಿರುಚುವುದಿಲ್ಲ. ಶಿಷ್ಯರ ತಲೆಮಾರಿಗೆ ಆ ನೆಪವಿಲ್ಲ. ಬಾಗಿಲು ತೆರೆದೇ ಇದೆ. ಬೆಂಗಳೂರಿನ ಎಂ.ಎಸ್. ಲಾವಣ್ಯ, ಸುಬ್ಬಲಕ್ಷ್ಮಿ ಸಹೋದರಿಯರು ಗಂಡಸರದ್ದೇ ಎಂದುಕೊಂಡಿದ್ದ ಈ ವಾದ್ಯವನ್ನು ಹೆಗಲಿಗೇರಿಸಿ ಇನ್ನೊಂದು ಬಾಗಿಲು ತೆರೆದರು, ಅದು ಸಣ್ಣದಲ್ಲ. ಕ್ಯಾಲಿಫೋರ್ನಿಯಾದ ಪ್ರಶಾಂತ್ ರಾಧಾಕೃಷ್ಣನ್ ಗುರುಗಳ ಪಾಠದ ಪಕ್ಕದಲ್ಲೇ ಜಾಜ್ ಇಟ್ಟುಕೊಂಡಿದ್ದಾರೆ. ಇವರ ಆಚೆಗೆ ಕೇಳುವ ಹೆಚ್ಚಿನ ಕಛೇರಿಗಳು ಅದೇ ಅಚ್ಚು: ವೇಗದ ಕೃತಿ, ಚಪ್ಪಾಳೆಯ ಸ್ವರಕಲ್ಪನೆ, ಕೊನೆಗೆ ಕಲ್ಯಾಣವಸಂತ ಬೇಕು ಎಂಬ ಚೀಟಿ. ಗುರುಗಳು ಕಟ್ಟಿದ ಜಾರುಬಂಡೆಯಲ್ಲಿ ಎಲ್ಲರೂ ಸುಖವಾಗಿ ಜಾರುತ್ತಿದ್ದಾರೆ.

ಗೋಪಾಲನಾಥರು ತಮ್ಮ ದಾರಿ ಕಟ್ಟುತ್ತಿದ್ದ ಹೊತ್ತಿಗೇ ಬೆಂಗಳೂರಿನಲ್ಲಿ ಇನ್ನೊಂದು ದಾರಿಯಿತ್ತು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ, 1963ರ ಮಿಂಗಸ್ ಧ್ವನಿಮುದ್ರಣದಲ್ಲಿ ಆಲ್ಟೊವನ್ನು ಅಳುವಂತೆ ನುಡಿಸಿದಾತ, ನಾಗಸ್ವರ ಕೇಳಿ ಮನಸೋತು ಭಾರತಕ್ಕೆ ಬಂದು ಅದನ್ನು ಕಲಿತ. ನಾಗಸ್ವರದ ಮನೆಯ ಹುಡುಗ ಸ್ಯಾಕ್ಸೊಫೋನ್ ಹಿಡಿದು ಹೊರಟಿದ್ದಾಗ ಸ್ಯಾಕ್ಸೊಫೋನಿನವನು ನಾಗಸ್ವರ ಹಿಡಿದು ಎದುರಿಗೆ ಬಂದ ಹಾಗೆ! ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ದಂಪತಿಯ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಆತ 1983ರಲ್ಲಿ ಮಾಡಿದ ‘ಜ್ಯೋತಿ’ ಧ್ವನಿಮುದ್ರಣ ಇಂದಿಗೂ ಹಳಸಿಲ್ಲ. ರಮಾಮಣಿಯವರ ಕಂಠ ರಾಗದ ಗೆರೆ ಎಳೆಯುತ್ತದೆ. ಮರಿಯಾನೊ ಅದನ್ನು ಅನುಕರಿಸದೆ, ಪಕ್ಕದಲ್ಲಿ ನಡೆಯುತ್ತ, ಆಗಾಗ ಸುಮ್ಮನಿರುತ್ತಾನೆ. ಸಭೆಯ ಸ್ಯಾಕ್ಸೊಫೋನಿನಲ್ಲಿ ನನಗೆ ಸಿಗದೇ ಹೋದದ್ದು ಈ ಸುಮ್ಮನಿರುವಿಕೆ.

ಇನ್ನು ರುದ್ರೇಶ್ ಮಹಾಂತಪ್ಪ. ಹೆಸರು ನಮ್ಮ ಬಯಲುಸೀಮೆಯ ಯಾವುದೋ ಶಾಲೆಯ ಹಾಜರಿ ಪುಸ್ತಕದ್ದು. ಮನುಷ್ಯ ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದ ಬೌಲ್ಡರಿನಲ್ಲಿ. ತಂದೆ ಅಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಚಾರ್ಲಿ ಪಾರ್ಕರ್ ಹುಚ್ಚು ಹಿಡಿದು ಆಲ್ಟೊ ಕಲಿತ ಹುಡುಗನಿಗೆ ಅಣ್ಣ ತಮಾಷೆಗೆಂದು ಕೊಟ್ಟದ್ದು ಗೋಪಾಲನಾಥರ ಒಂದು ಧ್ವನಿಮುದ್ರಣ. ತಮಾಷೆ ತಿರುಗಿ ಹೊಡೆಯಿತು. 2004ರ ‘ಮದರ್ ಟಂಗ್’ ಎಂಬ ಅವರ ಆಲ್ಬಮ್ಮಿನ ಹಿಂದೆ ಒಂದು ಕಿರಿಕಿರಿಯ ಪ್ರಶ್ನೆಯಿದೆ: ನೀವು ‘ಇಂಡಿಯನ್’ ಮಾತಾಡುತ್ತೀರಾ ಎಂದು ಅಲ್ಲಿಯ ಜನ ಕೇಳುವುದು. ಆ ಪ್ರಶ್ನೆಗೆ ಅಮೆರಿಕದ ಭಾರತೀಯರು ತಂತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳನ್ನು ಕೇಳಿ, ಮಾತಿನ ಏರಿಳಿತವನ್ನು ಸ್ವರಕ್ಕಿಳಿಸಿ, ಅದರಿಂದಲೇ ಧಾಟಿ ಕಟ್ಟಿದರು. ಒಂದು ತುಣುಕಿನ ಹೆಸರು ‘ಕನ್ನಡ’. ಕನ್ನಡದ ಸಂಗೀತ ಎಂದರೆ ವಚನ, ಕೀರ್ತನೆ, ಭಾವಗೀತೆ ಎಂದು ಸಾಲು ಹಿಡಿಯುವ ನಮಗೆ ಮಾತಿನ ಕೊಸರೇ ಸಂಗೀತವಾದೀತು ಎಂದು ತೋರಿಸಿದ ಈ ತುಣುಕು ನಮ್ಮ ಊರುಗಳಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿದೆಯೋ!

ಮುಂದೆ ಮಹಾಂತಪ್ಪ ಗೋಪಾಲನಾಥರನ್ನೇ ಹುಡುಕಿಕೊಂಡು ಬಂದರು. 2008ರ ‘ಕಿನ್ಸ್‌ಮೆನ್’ ಅದರ ಫಲ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿ ಮೃದಂಗ, ರೆಜ್ ಅಬ್ಬಾಸಿ ಗಿಟಾರು. ಎರಡು ಆಲ್ಟೊಗಳು, ಒಂದೇ ಜಾತಿಯ ವಾದ್ಯ. ಆದರೂ ಎರಡು ನಿಮಿಷದಲ್ಲಿ ಯಾರು ಯಾರೆಂದು ತಿಳಿಯುತ್ತದೆ. ಒಂದರ ನಾದಕ್ಕೆ ಅಂಚಿಲ್ಲ, ಇನ್ನೊಂದರದು ಬರೀ ಅಂಚು. ಗೋಪಾಲನಾಥರು ರಾಗದ ಗದ್ದೆಯ ಬದು ದಾಟುವುದಿಲ್ಲ, ದಾಟಬೇಕೆಂದು ಯಾರೂ ಒತ್ತಾಯಿಸುವುದೂ ಇಲ್ಲ. ಮಹಾಂತಪ್ಪ ಗಮಕವನ್ನು ಎತ್ತಿಕೊಳ್ಳುತ್ತಾರೆ, ಆದರೆ ಅದರ ನಯವನ್ನು ಬಿಟ್ಟು. ಅವರ ತುಟಿಯಲ್ಲಿ ಜಾರು ಎಂಬುದು ಹರಿತವಾದ ತಿರುವು. ಬೆಸುಗೆ ಸಂಗೀತದಲ್ಲಿ ಸಾಮಾನ್ಯವಾಗಿ ಇಬ್ಬರೂ ಸೌಜನ್ಯಕ್ಕೆ ತಮ್ಮ ಅರ್ಧ ಬಿಟ್ಟುಕೊಟ್ಟು, ಕೊನೆಗೆ ಹೋಟೆಲಿನ ಸಾಂಬಾರಿನಂಥದು ಉಳಿಯುತ್ತದೆ. ಇಲ್ಲಿ ಹಾಗಾಗಿಲ್ಲ. ಗುರುವಿನ ದಾರಿ ನಡೆಯದವನೇ ಗುರುವಿನ ಧೈರ್ಯಕ್ಕೆ ವಾರಸುದಾರನಾದ ಎಂದು ನನಗೆ ಅನಿಸಿದ್ದು ಇದನ್ನು ಕೇಳುವಾಗ. ಈಗ ಮಹಾಂತಪ್ಪ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಜ್ ಕಲಿಸುತ್ತಾರೆ. ಅವರಲ್ಲೂ ಕೆಲವೊಮ್ಮೆ ಲೆಕ್ಕಾಚಾರ ಅತಿಯಾಗಿ, ಉಸಿರಾಡಲು ಜಾಗವಿಲ್ಲದಂತೆ ಸ್ವರಗಳು ಒತ್ತೊತ್ತಾಗಿ ಬೀಳುತ್ತವೆ. ಭೌತವಿಜ್ಞಾನಿಯ ಮನೆಯ ಮಗ ಎಂದುಕೊಂಡು ಸುಮ್ಮನಾಗುತ್ತೇನೆ.

ಕಳಸದ ಆ ಮದುವೆಯ ದಿನ ಧಾರೆಗೂ ಮೊದಲು ಪುರೋಹಿತರು ಮಂತ್ರದಲ್ಲಿ ಮುಳುಗಿದ್ದಾಗ, ಓಲಗದ ಹಿರಿಯರಿಗೆ ಫೋನಿನಲ್ಲಿ ‘ಕನ್ನಡ’ ತುಣುಕು ಹಾಕಿ ಕಿವಿಯ ಹತ್ತಿರ ಹಿಡಿದೆ. ರೀಡು ಬಾಯಲ್ಲೇ ಇತ್ತು. ಕಣ್ಣು ಸಣ್ಣದು ಮಾಡಿ ಕೇಳಿದರು. ಅರ್ಧಕ್ಕೆ ಫೋನನ್ನು ಡೋಲಿನವನಿಗೆ ದಾಟಿಸಿದರು. ಅವನು ತೊಡೆಯ ಮೇಲೆ ಬೆರಳಾಡಿಸಿದ, ನಿಲ್ಲಿಸಿದ, ಮತ್ತೆ ಮೊದಲಿನಿಂದ ಎಣಿಸಿದ.

‘ಇದಕ್ಕೆ ಪೆಟ್ಟು ಎಲ್ಲಿ ಹಾಕುದು ಮಾರಾಯ್ರೇ?’

‘ಅವರಿಗೇ ಕೇಳ್ಬೇಕು’ ಎಂದೆ.

‘ಕೀಲಿ ಮಾತ್ರ ಒಳ್ಳೇದುಂಟು ಅವರದ್ದು, ಒಂದೂ ಅಂಟುದಿಲ್ಲ’ ಎಂದರು ಹಿರಿಯರು, ರೀಡನ್ನು ಬಾಯಿಂದ ತೆಗೆದು ಕಟ್ಟಿನೊಳಗೆ ಬಿಗಿಯುತ್ತ. ಅಷ್ಟರಲ್ಲಿ ಮಂಟಪದಿಂದ ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗು ಬಿತ್ತು. ಕೀಲಿಯಡಿಯ ಹತ್ತು ರೂಪಾಯಿ ಕಿತ್ತು ಜೇಬಿಗೆ ತುರುಕಿ ಅವರು ಊದಿದರು.