ನಾಯಿಯ ಅಂಗಾಲಿಗೆ ಜೇನುಮೇಣ

ಟೊರಾಂಟೊ, ಮಾಂಟ್ರಿಯಲ್ ಕಡೆ ಡಿಸೆಂಬರ್ ಬಂತೆಂದರೆ ನಾಯಿ ಸಾಕಿದ ಎಷ್ಟೋ ಮನೆಗಳಲ್ಲಿ ಮುಲಾಮು ಕಾಯಿಸುವ ಕೆಲಸ ಶುರುವಾಗುತ್ತದೆ. ಕುದಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು, ಜೇನುಮೇಣ ಕರಗಿಸಿ, ಎಣ್ಣೆ ಬೆರೆಸಿ, ಪುಟ್ಟ ಡಬ್ಬಿಗಳಲ್ಲಿ ಆರಲು ಬಿಡುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ನಾಯಿಯ ಪಾದ ಬೆಚ್ಚಗಿರಲಿ ಎಂದು ಇದನ್ನು ಮಾಡುವವರು ಪಾಕದಲ್ಲೇ ತಪ್ಪುತ್ತಾರೆ.

ಹಿಮದ ಮೇಲೆ ನಡೆಯುವ ಏರ್ಪಾಡು ನಾಯಿಯ ಪಾದದಲ್ಲೇ ಇದೆ. ಅಂಗಾಲಿನ ಮೆತ್ತೆಯೊಳಗೆ ಅಪಧಮನಿಗಳೂ ಅಭಿಧಮನಿಗಳೂ ಒಂದಕ್ಕೊಂದು ಒತ್ತಿಕೊಂಡಿವೆ. ಕೆಳಗಿಳಿಯುವ ಬಿಸಿ ರಕ್ತ ಮೇಲೇರುವ ತಣ್ಣನೆಯ ರಕ್ತವನ್ನು ಕಾಯಿಸಿ ಕಳಿಸುತ್ತದೆ. ಜಪಾನಿನ ಹಿರೋಯೊಶಿ ನಿನೊಮಿಯ ಮತ್ತು ಸಂಗಡಿಗರು ಈ ರಕ್ತನಾಳಗಳ ಜಾಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ್ದಾರೆ. ಊರಿನ ರಸ್ತೆಯಲ್ಲಿ ಪಾದವನ್ನು ಹೆಚ್ಚು ಕೆಡಿಸುವುದು ಮಂಜು ಕರಗಿಸಲು ಸುರಿಯುವ ಉಪ್ಪು. ಅದು ಚರ್ಮದ ತೇವ ಹೀರಿ ಬಿರುಕು ಬಿಡಿಸುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಕೆಟ್ಟದ್ದು, ನೀರು ತಾಗಿದರೆ ಬಿಸಿ ಹುಟ್ಟಿಸಿ ಸುಡುತ್ತದೆ. ಉರಿ ತಾಳಲಾರದೆ ನಾಯಿ ಪಾದ ನೆಕ್ಕುತ್ತದೆ, ಹೊಟ್ಟೆಗೂ ಉಪ್ಪು ಸೇರಿ ವಾಂತಿಯಾಗುತ್ತದೆ. ಉದ್ದಕೂದಲಿನ ನಾಯಿಗಳಿಗಂತೂ ಬೆರಳ ಸಂದಿಯಲ್ಲಿ ಮಂಜಿನ ಗಂಟು ಕಟ್ಟುವ ಕಾಟವೂ ಇದೆ.

ಆದ್ದರಿಂದ ಮುಲಾಮಿನ ಕೆಲಸ ಉಪ್ಪು ಚರ್ಮಕ್ಕೆ ತಾಗದಂತೆ ತಡೆಯುವುದು, ಅದರ ಗುಣ ನಿಂತಿರುವುದು ಮೇಣದ ಮೇಲೆ. ಜೇನುಮೇಣ ಕರಗಲು 62 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಕೊಬ್ಬರಿ ಎಣ್ಣೆಗೆ 24ರ ಆಸುಪಾಸು ಸಾಕು. ನಮ್ಮವರಿಗೆ ಕೊಬ್ಬರಿ ಎಣ್ಣೆಯ ಮೇಲೆ ಅಪಾರ ನಂಬಿಕೆ, ತಲೆಗೂ ಅದೇ, ಗಾಯಕ್ಕೂ ಅದೇ. ಬರೀ ಅದನ್ನೇ ಹಚ್ಚಿದರೆ ಮೆತ್ತೆ ಮೃದುವಾಗುತ್ತದೆ ನಿಜ, ಆದರೆ ಮನೆಯ ಬಿಸಿಗೆ ಕರಗಿ ನೆಲಕ್ಕೆ ಬಳಿದುಹೋಗುತ್ತದೆ, ಉಳಿದದ್ದನ್ನು ನಾಯಿ ನೆಕ್ಕಿ ಮುಗಿಸುತ್ತದೆ. ರಾತ್ರಿಯ ಆರೈಕೆಗೆ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಎಣ್ಣೆ ಇರಲಿ. ರಸ್ತೆಗಿಳಿಯುವ ಮುಂಚೆ ಹಚ್ಚುವುದಕ್ಕೆ ಎರಡು ಪಾಲು ಎಣ್ಣೆಗಿಂತ ಹೆಚ್ಚು ಬೇಡ. ತಣ್ಣನೆಯ ತಟ್ಟೆಗೆ ಒಂದು ತೊಟ್ಟು ಬಿಟ್ಟು ನೋಡಿ: ಬೆರಳೊತ್ತಿದಾಗ ಜಾರಿದರೆ ಮೇಣ ಕಡಿಮೆಯಾಗಿದೆ, ಪುಡಿಯಾದರೆ ಹೆಚ್ಚಾಗಿದೆ. ಜಾರುಬಂಡಿಯ ನಾಯಿಗಳಿಗೆಂದು ಕೆನಡಾದಲ್ಲಿ ರೂಪುಗೊಂಡ 'ಮಶರ್ಸ್ ಸೀಕ್ರೆಟ್' ಎಂಬ ಅಂಗಡಿಯ ಮುಲಾಮಿನಲ್ಲೂ ಮೇಣಗಳದ್ದೇ ಮೇಲುಗೈ.

ಮನೆಯಲ್ಲಿ ಮಾಡುವುದರ ನಿಜವಾದ ಲಾಭ, ಒಳಗೆ ಏನು ಹಾಕಿದ್ದೇವೆಂದು ನಮಗೆ ಗೊತ್ತಿರುತ್ತದೆ. ಆ ಲಾಭವನ್ನು ಘಮಕ್ಕಾಗಿ ಕಳೆದುಕೊಳ್ಳುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಜಿಂಕ್ ಆಕ್ಸೈಡ್ ಇರುವ ಮಕ್ಕಳ ಕ್ರೀಮೂ ಹೊಟ್ಟೆಗೆ ಹೋದರೆ ಅಪಾಯ. ಪಾದಕ್ಕೆ ಹಚ್ಚಿದ್ದೆಲ್ಲ ಕೊನೆಗೆ ನಾಲಿಗೆಗೆ ಹೋಗುತ್ತದೆ, ತಿನ್ನಿಸಲಾಗದ್ದನ್ನು ಹಚ್ಚಲೂಬಾರದು. ನೀರು ಸೇರದ ಪಾಕವಾದ್ದರಿಂದ ಕೆಡದಂತೆ ಕಾಯುವ ರಾಸಾಯನಿಕವೂ ಬೇಕಿಲ್ಲ. ಒದ್ದೆ ಬೆರಳು ಅದ್ದದಿದ್ದರಾಯಿತು.

ಮುಲಾಮು ಹಚ್ಚಿದೆವೆಂದು ಪಾದ ತೊಳೆಯುವುದನ್ನು ಬಿಡುವವರಿದ್ದಾರೆ. ಆಗ ಅಂಟಿನಲ್ಲಿ ಸಿಕ್ಕ ಉಪ್ಪು ಅಲ್ಲೇ ಕೂತು ಕಡಿಯುತ್ತದೆ. ವಾಕಿಂಗ್ ಮುಗಿಸಿ ಬಂದ ಕೂಡಲೇ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಬೆರಳ ಸಂದಿಯನ್ನೂ ಒರೆಸಬೇಕು. ಇಷ್ಟನ್ನೇ ತಪ್ಪದೆ ಮಾಡಿದರೆ ಅರ್ಧ ಕಷ್ಟ ಕಳೆಯುತ್ತದೆ.

ಬೂಟಿಗೆ ಈ ಮುಲಾಮು ಸಾಟಿಯೇ? ಅಲ್ಲ. 1973ರಿಂದ ಅಲಾಸ್ಕಾದಲ್ಲಿ ನಡೆಯುತ್ತಿರುವ ಇಡಿಟರಾಡ್ ಜಾರುಬಂಡಿ ಓಟದಲ್ಲಿ ಪ್ರತಿ ನಾಯಿಗೂ 8 ಬಟ್ಟೆಬೂಟುಗಳು ಇರಲೇಬೇಕೆಂಬ ನಿಯಮವಿದೆ. ಮುಲಾಮೊಂದನ್ನೇ ನಂಬಿ ಅಲ್ಲಿ ಯಾರೂ ಹೊರಡುವುದಿಲ್ಲ. ಬಿರುಕು ಬಿಟ್ಟು ರಕ್ತ ಒಸರುವ ಪಾದಕ್ಕೂ ಇದು ಮದ್ದಲ್ಲ, ಅದನ್ನು ಪಶುವೈದ್ಯರು ನೋಡಬೇಕು. ಆದರೆ ಬೂಟು ತೊಡಿಸಿದೊಡನೆ ಕಾಲು ಝಾಡಿಸಿ ಕಿತ್ತೆಸೆಯುವ ನಾಯಿಗಳು ಬಹಳ. ದಿನಕ್ಕೆರಡು ಸಲ ಉಪ್ಪಿನ ರಸ್ತೆಗೆ ಇಳಿಯಲೇಬೇಕಾದ ಅಂಥ ನಾಯಿಗೆ, ಮೇಣ ಹೆಚ್ಚಿರುವ ಈ ಮುಲಾಮಿಗಿಂತ ಒಳ್ಳೆಯದನ್ನು ಮನೆಯ ಒಲೆಯ ಮೇಲೆ ಮಾಡಲಾಗದು.